8 ಇಂಚಾ, 10 ಇಂಚಾ? ನನ್ನ ಅನುಭವ

8 ಇಂಚಿನ ಟ್ಯಾಬ್ ಸಾಕಾ, ಅಂಗಡಿಯವರು ಜೊತೆಗೆ ಕೊಡುವ ರಬ್ಬರ್ ತುದಿಯ ಪೆನ್ನಿನಲ್ಲಿ ಮಗಳು ಚಿತ್ರ ಬರೆಯಬಹುದಾ ಅಂತ ಕೇಳಿದ್ದೀರಿ. ಬರೀ ಕಥೆ ಕಾದಂಬರಿ ಓದೋಕಾದರೆ 8 ಇಂಚು ಸಾಕು. ನಾನು ತುಮಕೂರು–ಬೆಂಗಳೂರು ರೈಲಿನಲ್ಲಿ ದಿನಾ ಓದುವವನು, ನಿಂತುಕೊಂಡು ಒಂದೇ ಕೈಲಿ ಹಿಡಿಯೋಕೆ ಚಿಕ್ಕದೇ ಹಿತ. ಆದರೆ ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪಿಡಿಎಫ್ ಇದೆಯಲ್ಲ, ಅದರಲ್ಲಿ ಅಕ್ಷರ ಮಾತ್ರ ದೊಡ್ಡದು ಮಾಡೋಕೆ ಆಗಲ್ಲ, ಇಡೀ ಪುಟವನ್ನೇ ಹಿಗ್ಗಿಸಿ ಅತ್ತಿತ್ತ ಎಳೆಯಬೇಕು, ಒತ್ತಕ್ಷರ ಕಾಣದೆ ಕಣ್ಣು ಸೋಲುತ್ತದೆ. ಅದಕ್ಕೆ 10 ಇಂಚೇ ಸರಿ.

ರಬ್ಬರ್ ಪೆನ್ನು ಬೇಡವೇ ಬೇಡ. ಅದು ಬೆರಳಿದ್ದ ಹಾಗೆ ಅಷ್ಟೇ, ಒತ್ತಿದರೆ ಗೆರೆ ದಪ್ಪ ಆಗಲ್ಲ. ನಾನು ಅದರಲ್ಲಿ ದೇವರಾಯನದುರ್ಗದ ಬಂಡೆ ಬರೆಯೋಕೆ ಹೋಗಿ, ಅಂಗೈ ತಾಗಿದಲ್ಲೆಲ್ಲ ಗೀಚಿಕೊಂಡು ಬಂಡೆ ಹೋಗಿ ಹುಣಸೆಮರ ಆಗಿತ್ತು! ಸ್ಯಾಮ್‌ಸಂಗ್ ಟ್ಯಾಬ್ ಎಸ್6 ಲೈಟ್ ಥರದ್ದರಲ್ಲಿ ಪೆನ್ನು ಡಬ್ಬದಲ್ಲೇ ಬರುತ್ತದೆ, ಅದಕ್ಕೆ ಚಾರ್ಜ್ ಕೂಡ ಬೇಡ. ಐಪ್ಯಾಡ್ ಆದರೆ ಅದರ ಪೆನ್ನಿಗೆ (ಆಪಲ್ ಪೆನ್ಸಿಲ್) ಬೇರೆ ದುಡ್ಡು, ಲೆಕ್ಕ ಹಾಕುವಾಗ ಸೇರಿಸಿಕೊಳ್ಳಿ.

ಎಂ.ಜಿ. ರೋಡಿನ ಅಂಗಡಿಗೆ ಮಗಳನ್ನೇ ಕರ್ಕೊಂಡು ಹೋಗಿ. ಅಂಗೈ ಪರದೆ ಮೇಲಿಟ್ಟು, ನಿಧಾನಕ್ಕೆ ಒಂದು ಓರೆ ಗೆರೆ ಎಳೆಯಲಿ. ಗೆರೆ ಅಂಕುಡೊಂಕಾದರೆ ಸುಮ್ನೆ ವಾಪಸ್ ಬನ್ನಿ. ಆಂಡ್ರಾಯ್ಡ್ ಟ್ಯಾಬ್ ಆದರೆ ಚಿತ್ರ ಬರೆಯುವ ಆ್ಯಪ್‌ಗೆ ಖರ್ಚು ಬೇಡ, ಕ್ರಿಟಾ ಉಚಿತ; ಐಪ್ಯಾಡ್‌ಗೆ ಅದು ಸಿಗಲ್ಲ.