ಹೆಪ್ಪಿಗೆ ಒಂದು ಚಮಚ ಮೊಸರು

ಈ ಪತ್ರ ಓದಿದ ಮೇಲೆ ಎರಡು ದಿನ ಬೇರೆ ಪತ್ರ ತೆರೆಯಲಾಗಲಿಲ್ಲ. ಬರೆದವರು ಬೆಂಗಳೂರಿನವರು, 33 ವರ್ಷ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ, ಏಳು ವರ್ಷದಿಂದ ಒಂದು ಸಂಸ್ಥೆಯಲ್ಲಿದ್ದಾರೆ. ಒಂಟಿಯಾಗಿರುವ 26 ಹಿರಿಯರಿಗೆ ಫೋನ್ ಮಾಡುವುದು, ಮನೆಗೆ ಹೋಗಿ ಮಾತಾಡಿಸುವುದು ಅವರ ಕೆಲಸ. ಸಂಬಳ 22 ಸಾವಿರ. ಈಗ ಒಂದು ಕಂಪನಿಯ ಎಚ್‌ಆರ್ ವಿಭಾಗದವರು ಅದರ ಎರಡರಷ್ಟು ಕೊಡುತ್ತೇವೆ ಅಂತಿದ್ದಾರೆ. ಅಣ್ಣ "ಮಾತಾಡಿಸೋದೂ ಒಂದು ಕೆಲಸಾನಾ, ಹೋಗು" ಅಂತಾರಂತೆ. ಹೋಗಲೋ, ಇರಲೋ?

ಮೊದಲು ಅಣ್ಣನಿಗೆ. ಹೌದಪ್ಪ, ಕೆಲಸವೇ. ಒಂಟಿತನದ ಹೊಣೆಯನ್ನು ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಬ್ಬ ಮಂತ್ರಿಗೇ ವಹಿಸಿದವು. ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ದೇಶಕ್ಕೆ ಹೇಳುವ ಸರ್ಕಾರಿ ವೈದ್ಯರು) ಆಗಿದ್ದಾಗ, 2023ರಲ್ಲಿ, ಇಡೀ ದೇಶವನ್ನು ಎಚ್ಚರಿಸಿದ್ದು ಇದರ ಬಗ್ಗೆಯೇ. ಗಂಟೆಗೆ ಸುಮಾರು 100 ಸಾವುಗಳಿಗೆ ಒಂಟಿತನದ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ.

ಇನ್ನು ನಿಮಗೆ, ತಂಗಿ. ಕೊನೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೀರಿ. ಡೆಂಗಿ ಬಂದು ಹತ್ತು ದಿನ ಮಲಗಿದ್ದಿರಿ. ಎದ್ದು ಬಂದಾಗ ಎಲ್ಲರೂ "ಯಾಕಮ್ಮ ಫೋನೇ ಮಾಡಲಿಲ್ಲ, ಕಾಯ್ತಾ ಇದ್ದೆ" ಅಂದರು. ಅವರ ಪ್ರೀತಿ ಕಂಡು ನಿಮಗೆ ಕಣ್ಣು ತುಂಬಿತು. ನನಗೆ ಎದೆ ಧಸಕ್ಕೆಂದಿತು. ನೀವು ಮಲಗಿದ ಹತ್ತು ದಿನ 26 ಮನೆಗಳಲ್ಲಿ ಯಾರೂ ಯಾರನ್ನೂ ಮಾತಾಡಿಸಲಿಲ್ಲ ಅಂತ ತಾನೆ ಅರ್ಥ? ಅವರಲ್ಲಿ ರಿಟೈರ್ಡ್ ಟೀಚರ್ ಒಬ್ಬರು, ಉಪ್ಪಿನಕಾಯಿ ಹಾಕುವ ಅಜ್ಜಿ ಒಬ್ಬರು ಒಂದೇ ಕ್ರಾಸಿನಲ್ಲಿದ್ದಾರೆ, ನಾಲ್ಕೇ ಮನೆ ದೂರ. ಏಳು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಇದರಲ್ಲಿ ನಿಮಗಿಂತ ನಿಮ್ಮ ಮೇಲಧಿಕಾರಿಯ ತಪ್ಪು ಜಾಸ್ತಿ. ದಿನಕ್ಕೆ ಎಷ್ಟು ಕಾಲ್ ಆಯಿತು ಅಂತ ರಿಜಿಸ್ಟರ್ ನೋಡುತ್ತಾರೆ ಅಂದಿರಿ. ಆ ಇಬ್ಬರು ತಾವೇ ಹರಟೆ ಹೊಡೆದರೆ ಅದನ್ನು ಬರೆಯಲು ಆ ರಿಜಿಸ್ಟರಿನಲ್ಲಿ ಜಾಗವೇ ಇಲ್ಲ. ಇಂಥ ಲೆಕ್ಕ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಈ ಅಂಕಣ ಓದುವವರಿಗೆ ನನ್ನ ಹಳೇ ಪಾಠ ಗೊತ್ತು. ಪಕ್ಕದ ಮನೆಯಲ್ಲಿ ಏನಾದರೂ ಕೇಳಿ. ನಿಮ್ಮ ಮನೆಯಲ್ಲಿ ಇದ್ದರೂ ಕೇಳಿ. ಕೊಟ್ಟವರಿಗೆ ತಾವೂ ಯಾರಿಗೋ ಬೇಕು ಅನಿಸುತ್ತದೆ. ನಿಮ್ಮ ಹಿರಿಯರು ಏಳು ವರ್ಷದಿಂದ ಬರೀ ತೆಗೆದುಕೊಳ್ಳುತ್ತಿದ್ದಾರೆ, ಅವರಿಂದ ಯಾರೂ ಏನೂ ಕೇಳಿಲ್ಲ.

ಬಾಡಿಗೆ ಕಟ್ಟುವುದೇ ಕಷ್ಟವಾಗಿದ್ದರೆ ಹೊಸ ಕೆಲಸಕ್ಕೆ ಹೋಗಿ, ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಮನಸ್ಸು ಮಾತ್ರ ಇರಿ ಅನ್ನುತ್ತದೆ. ಯಾವುದಕ್ಕೂ ಸೋಮವಾರದ ತನಕ ಕಂಪನಿಗೆ ಉತ್ತರ ಕೊಡಬೇಡಿ.

ಭಾನುವಾರ ಸಂಜೆ ಇಬ್ಬರನ್ನೂ ಮೊದಲೇ ಕೇಳಿಕೊಂಡು, ಟೀಚರಮ್ಮನನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿ. ಟೀಚರಮ್ಮನಿಗೆ ಹೆಪ್ಪಿಗೆ ಮೊಸರು ಬೇಕಂತೆ ಅಂತ ಅಜ್ಜಿಗೆ ಹೇಳಿ, ಬಟ್ಟಲು ಟೀಚರಮ್ಮನ ಕೈಯಲ್ಲೇ ಇರಲಿ. ಕಾಫಿ ಬಂದ ಮೇಲೆ ಏನಾದರೂ ನೆಪ ಹೇಳಿ ನೀವು ಎದ್ದು ಬನ್ನಿ. ಅವರು ಕೂತಿರಲಿ.