ಹಬ್ಬದ ಬ್ಲೌಸು, ಸೊಂಟನೋವು ಮತ್ತು ಲಾಲ್‌ಬಾಗಿನ ಕಲ್ಲುಬೆಂಚು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರನ್ನೂ ಕೌಟುಂಬಿಕ ವಿವರಗಳನ್ನೂ ಬದಲಿಸಲಾಗಿದೆ.)

ಶಾರದಮ್ಮ ಎಂದು ಇಲ್ಲಿ ಕರೆಯುತ್ತಿರುವ 52 ವರ್ಷದ ಮಹಿಳೆ ಬಸವನಗುಡಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತಾರೆ. ಅವರಿಗೆ ಎರಡು ವರ್ಷದಿಂದ ಸೊಂಟನೋವು. ಮೂಳೆ ವೈದ್ಯರು ಪರೀಕ್ಷಿಸಿ, ಶಸ್ತ್ರಚಿಕಿತ್ಸೆ ಬೇಕಿಲ್ಲವೆಂದು ಹೇಳಿ ಫಿಸಿಯೋಥೆರಪಿಗೆ ಕಳುಹಿಸಿದ್ದರು. ವ್ಯಾಯಾಮ ಶುರುವಾಗುವುದು, ನಾಲ್ಕು ದಿನಕ್ಕೆ ನಿಲ್ಲುವುದು ಮತ್ತೆ ಮತ್ತೆ ನಡೆದದ್ದರಿಂದ ಫಿಸಿಯೋಥೆರಪಿಸ್ಟ್ ಅವರೇ ನನ್ನನ್ನು ಕಾಣುವಂತೆ ಸೂಚಿಸಿದರು.

ಬಟ್ಟೆ ಅಂಗಡಿಯ ಕವರಿನಲ್ಲಿ ಮಡಚಿಟ್ಟಿದ್ದ ಎಂಆರ್‌ಐ ವರದಿಯನ್ನು ಮೇಜಿನ ಮೇಲಿಟ್ಟು ಅವರು ಕೇಳಿದ ಮೊದಲ ಪ್ರಶ್ನೆಯಲ್ಲೇ ತೊಡಕಿನ ಎಳೆ ಸಿಕ್ಕಿತು: "ಡಿಸ್ಕ್ ಸವೆದಿದೆ ಅಂತ ಬರ್ದಿದಾರೆ ಮೇಡಂ. ಸವೆದಿರೋದನ್ನ ಇನ್ನೂ ಆಡಿಸಿದ್ರೆ ಪೂರ್ತಿ ಹೋಗಲ್ವಾ?" ಪತಿಯೂ ಹಾಗೆಯೇ ನಂಬಿದ್ದರು. ಆಕೆ ಬಗ್ಗುವ ಮುನ್ನವೇ ಓಡಿಬಂದು ಕೊಡ ಎತ್ತುತ್ತಿದ್ದರು, ಗಂಟೆಗೊಮ್ಮೆ "ನೋವು ಹೇಗಿದೆ?" ಎಂದು ವಿಚಾರಿಸುತ್ತಿದ್ದರು.

ಇದರ ಜೊತೆಗೆ ಹಬ್ಬದ ಲೆಕ್ಕವೂ ಇತ್ತು. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರಗಳಲ್ಲಿ ನೋವು ಕಡಿಮೆಯಿದ್ದ ದಿನ ಮಧ್ಯರಾತ್ರಿಯವರೆಗೂ ಮಷಿನ್ನಿನ ಮುಂದೆ ಕೂತು ಆರ್ಡರುಗಳನ್ನೆಲ್ಲ ಮುಗಿಸುವುದು, ಆಮೇಲೆ ಮೂರು ದಿನ ಹಾಸಿಗೆ ಹಿಡಿಯುವುದು, ಆ ಮೂರು ದಿನದ ನೋವನ್ನು ಫಿಸಿಯೋಥೆರಪಿಯ ತಲೆಗೆ ಕಟ್ಟುವುದು. ದೀರ್ಘಕಾಲದ ನೋವಿನವರಲ್ಲಿ ಈ ಏರಿಳಿತವನ್ನು ನಾನು ಮೇಲಿಂದ ಮೇಲೆ ಕಾಣುತ್ತೇನೆ, ಮತ್ತು ಅದನ್ನು ಸೋಮಾರಿತನವೆಂದು ಕರೆಯುವ ಬಂಧುಗಳನ್ನೂ ಕಾಣುತ್ತೇನೆ.

ಮೊದಲಿಗೆ ವರದಿಯ ಭಯವನ್ನೇ ಕೈಗೆತ್ತಿಕೊಂಡೆವು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಬೆನ್ನುನೋವೇ ಇಲ್ಲದ 50ರ ವಯಸ್ಸಿನವರಲ್ಲೂ ಶೇ. 80ರಷ್ಟು ಮಂದಿಯ ಸ್ಕ್ಯಾನಿನಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ಮೂರು ತಿಂಗಳು ದಾಟಿದ ನೋವಿನಲ್ಲಿ ನರವ್ಯೂಹವೇ ಹೆಚ್ಚು ಸೂಕ್ಷ್ಮವಾಗಿರುವುದುಂಟು. ನೋವು ನಿಜವೇ, ಆದರೆ ನೋವು ಏರಿದಷ್ಟೂ ಗಾಯ ಹೆಚ್ಚಿತೆಂದು ಅರ್ಥವಲ್ಲ. ಮಷಿನ್ನಿನಲ್ಲಿ ದಾರದ ಟೆನ್ಷನ್ ಅತಿಯಾಗಿ ಬಿಗಿಯಾದರೆ ಬಟ್ಟೆ ಗಟ್ಟಿಯಾಗಿದ್ದರೂ ದಾರ ತುಂಡಾಗುತ್ತದಲ್ಲವೇ ಎಂದು ಕೇಳಿದಾಗ ಅವರು ನಕ್ಕು, "ಆಗ ಬಟ್ಟೆ ಬಿಸಾಕಲ್ಲ, ಸ್ಕ್ರೂ ಸಡಿಲ ಮಾಡ್ತೀವಿ" ಎಂದರು.

ಸಡಿಲಿಸುವ ಕ್ರಮವನ್ನು ಫಿಸಿಯೋಥೆರಪಿಸ್ಟ್ ಜೊತೆ ಸೇರಿ ರೂಪಿಸಿದೆವು. ವ್ಯಾಯಾಮವಾಗಲಿ ಹೊಲಿಗೆಯಾಗಲಿ ಗಡಿಯಾರ ನೋಡಿ ನಿಲ್ಲಿಸಬೇಕೇ ಹೊರತು ನೋವು ಬಂದ ಮೇಲಲ್ಲ. ಕೆಟ್ಟ ದಿನದಲ್ಲೂ 25 ನಿಮಿಷ ಕೂರಬಲ್ಲೆನೆಂದು ಅವರು ಹೇಳಿದ್ದರಿಂದ 20 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟು, ಅದು ಬಾರಿಸಿದಾಗ ತೋಳು ಅರ್ಧ ಹೊಲಿದಿದ್ದರೂ ಏಳಬೇಕೆಂದು ಒಪ್ಪಂದವಾಯಿತು. ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು ಮೊದಲಾದ ವ್ಯಾಯಾಮಗಳ ಸಂಖ್ಯೆಯನ್ನು ಅವರು ತಾವಾಗಿ ಹೆಚ್ಚಿಸುವಂತಿರಲಿಲ್ಲ. ವ್ಯಾಯಾಮದಲ್ಲಿ ತುಸು ಏರಿದ ನೋವು ಮರುದಿನ ಬೆಳಗಿನೊಳಗೆ ಎಂದಿನ ಮಟ್ಟಕ್ಕೆ ಇಳಿದರೆ ಮುಂದುವರಿಸುವುದು. ಇಳಿಯದಿದ್ದರೆ ಪ್ರಮಾಣ ತಗ್ಗಿಸುವುದು, ಪೂರ್ತಿ ಬಿಡಬಾರದು. ಆದರೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ನಮ್ಮಿಬ್ಬರಿಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಜ್ವರದೊಂದಿಗೆ ಬೆನ್ನುನೋವು ಬಂದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು ಎಂಬುದನ್ನು ಪತಿಯ ಎದುರಿಗೇ ಹೇಳಿದೆ.

ನಡಿಗೆಯೇ ಕಷ್ಟದ ಭಾಗವಾಗಿತ್ತು. ಮನೆಯ ಹಜಾರದಲ್ಲಿ ನಡೆಯುವಾಗ ಹೆಜ್ಜೆಹೆಜ್ಜೆಗೂ ಸೊಂಟವನ್ನೇ ಗಮನಿಸುತ್ತಿದ್ದರು, ಗಮನಿಸಿದಷ್ಟೂ ನೋವು ದೊಡ್ಡದಾಗುತ್ತಿತ್ತು. ಲಾಲ್‌ಬಾಗ್ ಹತ್ತಿರದಲ್ಲೇ ಇದ್ದರೂ ಫಲಪುಷ್ಪ ಪ್ರದರ್ಶನದ ಜಂಗುಳಿ ಬಿಟ್ಟರೆ ಅಲ್ಲಿಗೆ ಹೋಗುವ ಪರಿಪಾಠವಿರಲಿಲ್ಲ. ಹಸಿರೇ ಔಷಧ ಎಂದು ಹೇಳಲು ನನಗೆ ಸಂಕೋಚವಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರಿಗೆ ಪ್ರಬಲ ನೋವುನಿವಾರಕಗಳು ಕಡಿಮೆ ಬೇಕಾದವೆಂದು ರೋಜರ್ ಉಲ್ರಿಚ್ 1984ರಲ್ಲಿ ತೋರಿಸಿದ ಅಧ್ಯಯನ ಪ್ರಸಿದ್ಧವಾದರೂ, ಅದು 46 ರೋಗಿಗಳ ಸಣ್ಣ ಅಧ್ಯಯನ. ಎರಡು ವರ್ಷದ ಸೊಂಟನೋವಿಗೆ ಅದನ್ನು ನೇರವಾಗಿ ಹೊಂದಿಸಲಾಗದು. ಇಂಗ್ಲೆಂಡಿನ ಸುಮಾರು 20,000 ಜನರನ್ನು ಕುರಿತ 2019ರ ಅಧ್ಯಯನದಲ್ಲಿ ವಾರಕ್ಕೆ 120 ನಿಮಿಷವಾದರೂ ನಿಸರ್ಗದ ನಡುವೆ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿವೆಯೆಂದು ಹೇಳಿದ ಪ್ರಮಾಣ ಹೆಚ್ಚಿತ್ತು. ಒಂದು ಇನ್ನೊಂದಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಆದರೆ ಆ ಹೊತ್ತನ್ನು ಒಂದೇ ಸಲ ಕಳೆದರೂ ತುಂಡುತುಂಡಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲವೆಂಬ ಅಂಶ ಶಾರದಮ್ಮನವರಂಥವರಿಗೆ ಹೇಳಿಮಾಡಿಸಿದಂತಿದೆ.

ನಮ್ಮ ಫುಟ್‌ಪಾತುಗಳಲ್ಲಿ ಎದ್ದ ಚಪ್ಪಡಿಗಳನ್ನು ದಾಟುವುದರಲ್ಲೇ ನಡಿಗೆಯ ಪಾಲು ಮುಗಿದುಹೋಗುವುದರಿಂದ, ಗೇಟಿನವರೆಗೆ ಆಟೋದಲ್ಲಿ ಹೋಗಿ ಒಳಗೆ ಎಂಟು ನಿಮಿಷ ನಡೆದು ಕಲ್ಲುಬೆಂಚಿನ ಮೇಲೆ ಕೂರಲು ಹೇಳಿದೆ. ಕೂತಾಗ ಸೊಂಟದ ಬದಲು ಕಣ್ಣಿಗೆ ಬಿದ್ದದ್ದೊಂದನ್ನು ಗಮನಿಸಿ ನನಗೆ ತಿಳಿಸುವುದು ಅವರ ಮನೆಗೆಲಸವಾಗಿತ್ತು. ಒಮ್ಮೆ ಬಂದು, "ಹೊಂಗೆ ಚಿಗುರಿನ ಬಣ್ಣಕ್ಕೆ ಮ್ಯಾಚ್ ಆಗೋ ದಾರ ನನ್ನ ಹತ್ರ ಒಂದೂ ಇಲ್ಲ ಮೇಡಂ" ಎಂದರು. ಆ ದಿನ ನೋವಿನ ಮಾತು ಬಂದದ್ದು ನಾನು ಕೇಳಿದ ಮೇಲೆ.

ಪತಿಗೆ ಕೊಟ್ಟ ಸಲಹೆ ಚಿಕ್ಕದು: ನೋವಿನ ವಿಚಾರಣೆ ನಿಲ್ಲಿಸಿ, ಜೊತೆಗೆ ನಡೆಯಿರಿ. ಅವರಿಗೆ ಇದು ಹೆಂಡತಿಯ ವ್ಯಾಯಾಮಕ್ಕಿಂತ ಕಷ್ಟವಾಯಿತು.

ಶಾರದಮ್ಮನವರ ನೋವು ಹೋಗಿಲ್ಲ, ಹೋಗುತ್ತದೆಂದು ನಾವು ಮಾತು ಕೊಟ್ಟೂ ಇರಲಿಲ್ಲ. ಈಗ ಅವರು ಕೆರೆಯ ದಂಡೆಯವರೆಗೆ ನಡೆದು ಬರುತ್ತಾರೆ. ಬಂಡೆ ಹತ್ತಿ ಕೆಂಪೇಗೌಡ ಗೋಪುರ ಮುಟ್ಟುವ ಆಸೆಗೆ ತಕ್ಕಂತೆ ಫಿಸಿಯೋಥೆರಪಿಸ್ಟ್ ಮೆಟ್ಟಿಲ ವ್ಯಾಯಾಮ ಸೇರಿಸಿದ್ದಾರೆ. ಈ ಸಲ ಹಬ್ಬಕ್ಕೆ ಎರಡು ವಾರ ಮೊದಲೇ ಆರ್ಡರ್ ಮುಚ್ಚುವುದು, ಹುಕ್ಕು ಮತ್ತು ಹೆಮ್ಮಿಂಗ್ ಕೆಲಸವನ್ನು ಪಕ್ಕದ ಮನೆಯ ಹುಡುಗಿಗೆ ಕೊಡುವುದು, ಆದರೂ ನೋವು ಕೆರಳಿದರೆ ನಡಿಗೆಯನ್ನು ಅರ್ಧಕ್ಕಿಳಿಸಿ ಮುಂದುವರಿಸುವುದು ಎಂದು ಅವರದೇ ಕೈಬರಹದಲ್ಲಿ ಬರೆಸಿ, ಆ ಚೀಟಿಯನ್ನು ಅಳತೆ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಳ್ಳಲು ಹೇಳಿದ್ದೇನೆ.