ಸ್ಪೀಡ್ ಬೇಕಂದ್ರೆ ಮೊದ್ಲು ರೈಫಲ್ ಇಳ್ಸೋದು ಕಲೀರಿ
ತೀರ್ಥಹಳ್ಳಿಯಿಂದ ಕೇಳಿದೀರಲ್ಲ, 10 ಮೀಟರ್ ಏರ್ ರೈಫಲ್‌ನಲ್ಲಿ ಬೇಗ ಹೊಡೆದ್ರೆ ಹತ್ತರ ಬದಲು ಎಂಟು ಪಾಯಿಂಟ್ ಬೀಳುತ್ತೆ, ನಿಧಾನ ಮಾಡಿದ್ರೆ ಟೈಮ್ ಸಾಲಲ್ಲ ಅಂತ. ಮಾರಾಯ್ರೆ, ಎಲೆಕ್ಟ್ರಾನಿಕ್ ಟಾರ್ಗೆಟ್ ಆದ್ರೆ 60 ಶಾಟ್‌ಗೆ 75 ನಿಮಿಷ, ಅಂದ್ರೆ ಒಂದಕ್ಕೆ 75 ಸೆಕೆಂಡ್, ಕಮ್ಮಿ ಏನಲ್ಲ. ಟೈಮ್ ಹೋಗ್ತಿರೋದು ಗುರಿ ಹಿಡ್ಕೊಂಡು ನಿಂತೇ ಇರೋದ್ರಲ್ಲಿ. ನಂಗೂ ಅದೇ ಚಟ ಇತ್ತು, ಹತ್ತು ಸೆಕೆಂಡ್ ದಾಟಿದ್ಮೇಲೆ ಕಣ್ಣು ಮಂಜಾಗಿ ರೈಫಲ್ ತುದೀಲಿರೋ ಸೈಟ್ (ಗುರಿ ನೋಡೋ ಸಾಧನ) ರಿಂಗ್ ತೂಗಾಡೋಕೆ ಶುರು, ಆದ್ರೂ ಹಠಕ್ಕೆ ಟ್ರಿಗರ್ ಎಳ್ದು ಏಳು ತಗೊಳ್ತಿದ್ದೆ. ಹತ್ತರ ಚುಕ್ಕೆ ಇರೋದೇ ಅರ್ಧ ಮಿಲಿಮೀಟರ್, ಹಠಕ್ಕೆಲ್ಲ ಸಿಗಲ್ಲ. ಹತ್ತು ಸೆಕೆಂಡಲ್ಲಿ ಗುರಿ ಕೂತು ಶಾಟ್ ಬರ್ಲಿಲ್ಲ ಅಂದ್ರೆ ರೈಫಲ್ ಇಳ್ಸಿ, ಉಸಿರು ತಗೊಂಡು ಮತ್ತೆ ಎತ್ತಿ.

ಮನೇಲಿ ದಿನಾ 20 ನಿಮಿಷ ಡ್ರೈ ಫೈರ್ ಮಾಡಿ, ಅಂದ್ರೆ ಗುಂಡು ಹಾಕದೆ ಬರೀ ಟ್ರಿಗರ್ ಎಳೆಯೋದು. ಒಳಗೆ ಪೆಲೆಟ್ (ಏರ್ ರೈಫಲ್ ಗುಂಡು) ಇಲ್ಲ ಅಂತ ಎರಡು ಸಲ ನೋಡಿ, ಗೋಡೆಗೆ ಬರೀ ಬಿಳಿ ಹಾಳೆ ಅಂಟ್ಸಿ, ಕ್ಲಿಕ್ ಆದಾಗ ಸೈಟ್ ಯಾವ ಕಡೆ ಜಿಗೀತು ಅಷ್ಟೇ ಗಮನಿಸಿ. ಟಾರ್ಗೆಟ್ ಅಂಟ್ಸಬೇಡಿ, ಮನಸ್ಸು ಹತ್ತರ ಹಿಂದೇನೇ ಓಡುತ್ತೆ. ಆಮೇಲೆ, ತೋಟದಲ್ಲಿ ಮಂಗ ಓಡ್ಸೋ ಸ್ಪ್ರಿಂಗ್ ಗನ್‌ನಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ, ಪೆಲೆಟ್ ಇಲ್ದೆ ಬಿಟ್ರೆ ಪಿಸ್ಟನ್ ಸೀಲ್ ಹಾಳಾಗುತ್ತೆ. ಡ್ರೈ ಫೈರ್ ಸೌಲಭ್ಯ ಇರೋ, ಸ್ಪರ್ಧೆಗೆ ಬಳಸೋ ಮ್ಯಾಚ್ ರೈಫಲ್‌ನಲ್ಲೇ ಮಾಡಿ.

ಕೈಗೆ ಕೂತ್ಮೇಲೆ ಮೊಬೈಲ್ ಟೈಮರ್ ಇಟ್ಟು 50 ಸೆಕೆಂಡ್‌ಗೆ ಒಂದು ಶಾಟ್, ಹತ್ತತ್ತರ ಸೆಟ್. ಹಾಂ, ಈ ಮಳೇಲಿ ಪ್ರಾಕ್ಟೀಸ್ ಮುಗಿದ್ಮೇಲೆ ಬ್ಯಾರಲ್ ಹೊರಗಡೆ ಎಣ್ಣೆ ಬಟ್ಟೆಲಿ ಒರ್ಸಿಡಿ, ನಮ್ಮ ಕಡೆ ತುಕ್ಕು ಹಿಡಿಯೋಕೆ ಎರಡು ದಿನ ಸಾಕು.